ರೆಫರಿ ಮತ್ತು ಹಿತಾಸಕ್ತಿ ಸಂಘರ್ಷ: ಪದೇ ಪದೇ ಕೇಳುವ ಪ್ರಶ್ನೆಗಳು

ಸೀಟಿ ಊದುವವರು, ಅಂಕ ಕೊಡುವವರು, ಟೂರ್ನಿ ನಡೆಸುವವರು, ಆಡುವ ಮಕ್ಕಳ ಅಪ್ಪ-ಅಮ್ಮ, ಎಲ್ಲರೂ ಒಂದಲ್ಲ ಒಂದು ಸಲ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಉದಾಹರಣೆಗಳು ಜಾಸ್ತಿ ದೊಡ್ಡ ಲೀಗ್‌ಗಳದ್ದು, ಯಾಕೆಂದರೆ ಅಲ್ಲಿ ಏನಾಯಿತು ಅನ್ನೋದಕ್ಕೆ ದಾಖಲೆ ಇದೆ. ಸಮಸ್ಯೆ ಮಾತ್ರ ಹನ್ನೆರಡು ವರ್ಷದ ಮಕ್ಕಳ ಪಂದ್ಯದಲ್ಲೂ ಅದೇ.

ಹಿತಾಸಕ್ತಿ ಸಂಘರ್ಷ ಅಂದರೆ ಏನು?

ಈ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಅನ್ನೋದು ರೆಫರಿಗೂ ಮುಖ್ಯವಾಗಿಬಿಟ್ಟರೆ ಅದೇ ಹಿತಾಸಕ್ತಿ ಸಂಘರ್ಷ. ದುಡ್ಡೇ ಇರಬೇಕು ಅಂತಿಲ್ಲ. ಒಂದು ತಂಡದಲ್ಲಿ ತಂಗಿ ಆಡುತ್ತಿರಬಹುದು. ಎದುರಿಗಿರೋದು ತಾನೇ ಬೆಳೆದು ಬಂದ ಹಳೆಯ ಕ್ಲಬ್ ಇರಬಹುದು. ಮುಂದಿನ ತಿಂಗಳು ಕೋಚಿಂಗ್ ಕೆಲಸ ಕೊಡುತ್ತೇನೆ ಅಂದವರ ತಂಡ ಇರಬಹುದು. ಹಳೆಯ ಜಗಳವೂ ಲೆಕ್ಕಕ್ಕೆ ಬರುತ್ತದೆ. ಹೋದ ವರ್ಷ ಕೈ ಕೈ ಮಿಲಾಯಿಸಿದ ಕೋಚ್‌ನ ತಂಡ ಸೋತರೆ ಒಳಗೊಳಗೇ ಖುಷಿ ಆಗುತ್ತೆ, ಅಲ್ವಾ?

ಇದು ಒಂದು ಪರಿಸ್ಥಿತಿ ಅಷ್ಟೇ. ತಂಗಿ ಒಳ್ಳೆ ಆಟಗಾರ್ತಿ ಆಗಿರುವುದರಲ್ಲಿ ರೆಫರಿಯ ತಪ್ಪೇನೂ ಇಲ್ಲ. ಅದನ್ನು ಯಾರಿಗೂ ಹೇಳದೆ ಸೀಟಿ ಹಿಡಿದು ಒಳಗೆ ಹೋದ ಕ್ಷಣದಿಂದ ತಪ್ಪು ಶುರುವಾಗುತ್ತದೆ. ಈ ಪುಟದಲ್ಲಿರುವ ಹೆಚ್ಚಿನ ಉತ್ತರಗಳು ಈ ಒಂದು ಮಾತಿನ ಮೇಲೇ ನಿಂತಿವೆ.

ಮ್ಯಾಚ್ ಫಿಕ್ಸಿಂಗ್ ಮತ್ತು ಇದು ಎರಡೂ ಒಂದೇನಾ?

ಅಲ್ಲ. ಜರ್ಮನಿಯ ರೆಫರಿ ರಾಬರ್ಟ್ ಹೋಯ್ಜರ್ ಮಾಡಿದ್ದು ಫಿಕ್ಸಿಂಗ್. 2004ರ ಆಗಸ್ಟ್‌ನಲ್ಲಿ ಪಾಡರ್‌ಬೋರ್ನ್ ಎಂಬ ಸಣ್ಣ ಕ್ಲಬ್ ಮತ್ತು ಹ್ಯಾಂಬರ್ಗ್ ನಡುವೆ ಜರ್ಮನ್ ಕಪ್ ಪಂದ್ಯ ನಡೆಯಿತು. ಹ್ಯಾಂಬರ್ಗ್ 2-0 ಮುಂದಿತ್ತು. ಆಮೇಲೆ ಅದರ ಸ್ಟ್ರೈಕರ್ ಎಮಿಲ್ ಎಂಪೆಂಜಾಗೆ ಕೆಂಪು ಕಾರ್ಡ್ ಬಂತು, ಪಾಡರ್‌ಬೋರ್ನ್‌ಗೆ ಎರಡು ಪೆನಾಲ್ಟಿ ಸಿಕ್ಕಿತು, ಪಂದ್ಯ 4-2ಕ್ಕೆ ತಿರುಗಿತು. ಬೆಟ್ಟಿಂಗ್ ಜಾಲದಿಂದ ಹೋಯ್ಜರ್ ದುಡ್ಡು ತಗೊಂಡಿದ್ದು 2005ರ ಜನವರಿಯಲ್ಲಿ ಬಯಲಾಯಿತು. ಕೋರ್ಟ್ ಅವರಿಗೆ ಎರಡು ವರ್ಷ ಐದು ತಿಂಗಳ ಜೈಲು ಶಿಕ್ಷೆ ಕೊಟ್ಟಿತು.

ಅದೇ 2005ರಲ್ಲಿ ಇಟಲಿಯಲ್ಲಿ ನಡೆದದ್ದು ಬೇರೆ ಥರದ್ದು. ಪಿಯರ್‌ಲುಯಿಜಿ ಕೊಲಿನಾ ಆಗ ಜಗತ್ತಿನ ಅತ್ಯಂತ ಹೆಸರಾಂತ ರೆಫರಿ. 2002ರ ವಿಶ್ವಕಪ್ ಫೈನಲ್ ನಡೆಸಿದವರು. ಅವರನ್ನು ಉಳಿಸಿಕೊಳ್ಳಲು ಇಟಲಿಯ ಫುಟ್‌ಬಾಲ್ ಸಂಸ್ಥೆ 45 ವರ್ಷದ ನಿವೃತ್ತಿ ನಿಯಮವನ್ನೂ ಸಡಿಲಿಸಿತ್ತು. ಅಷ್ಟರಲ್ಲಿ ಅವರು ಕಾರು ಕಂಪನಿ ಓಪೆಲ್ ಜೊತೆ ಜಾಹೀರಾತು ಒಪ್ಪಂದ ಮಾಡಿಕೊಂಡರು. ಓಪೆಲ್ ಆಗ ಎಸಿ ಮಿಲಾನ್‌ನ ಪ್ರಾಯೋಜಕ ಕಂಪನಿ. ಹಾಗಾಗಿ ಮೇಲಿನ ಡಿವಿಷನ್ ಪಂದ್ಯ ಕೊಡೋದಿಲ್ಲ, ಎರಡನೇ ಡಿವಿಷನ್ ಮಾತ್ರ ಅಂತ ಸಂಸ್ಥೆ ಹೇಳಿತು. ಕೊಲಿನಾ ರಾಜೀನಾಮೆ ಕೊಟ್ಟರು. ಅವರು ಮಿಲಾನ್ ಪರ ತೀರ್ಪು ಕೊಟ್ಟರಾ ಅನ್ನೋದು ಅಲ್ಲಿ ಚರ್ಚೆಯೇ ಅಲ್ಲ. ಮಿಲಾನ್‌ಗೆ ದುಡ್ಡು ಕೊಡುವ ಕೈಯಿಂದಲೇ ರೆಫರಿಗೂ ದುಡ್ಡು ಬರುತ್ತಿದೆ ಅನ್ನೋದಷ್ಟೇ ಸಾಕಾಯಿತು.

ನಾನು ಪ್ರಾಮಾಣಿಕ. ಯಾರ ಮುಲಾಜಿಗೂ ಬಗ್ಗುವವನಲ್ಲ. ನಾನ್ಯಾಕೆ ಹಿಂದೆ ಸರಿಯಬೇಕು?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ನಿಜವಾಗಿಯೂ ಪ್ರಾಮಾಣಿಕರೇ ಆಗಿರುತ್ತಾರೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ.

ಒಂದು ಪಂದ್ಯ ಕಣ್ಮುಂದೆ ತಂದುಕೊಳ್ಳಿ. ಹದಿನಾಲ್ಕು ವರ್ಷದೊಳಗಿನವರ ಫೈನಲ್. ನಿಮ್ಮ ಮಗ ಡಿಫೆಂಡರ್. ಕೊನೆಯ ಎರಡು ನಿಮಿಷ. ಬಾಕ್ಸ್ ಒಳಗೆ ಅವನೂ ಎದುರಾಳಿ ಹುಡುಗನೂ ಒಟ್ಟಿಗೆ ಬಿದ್ದರು. ಕಾಲು ಮೊದಲು ಚೆಂಡಿಗೆ ತಾಗಿತಾ, ಹುಡುಗನಿಗೆ ತಾಗಿತಾ? ನಿಮಗೆ ಸಿಗೋದು ಅರ್ಧ ಸೆಕೆಂಡ್. ಪೆನಾಲ್ಟಿ ಕೊಡದಿದ್ದರೆ ಮಗನನ್ನು ಉಳಿಸಿದಿರಿ ಅಂತಾರೆ. ಕೊಟ್ಟರೆ, ಜನ ಏನಾದರೂ ಅಂದುಕೊಂಡಾರು ಅನ್ನೋ ಭಯಕ್ಕೆ ಕೊಟ್ಟಿರಾ ಅಥವಾ ನಿಜವಾಗಿಯೂ ಫೌಲ್ ಆಗಿತ್ತಾ ಅನ್ನೋದು ನಿಮಗೇ ಗೊತ್ತಾಗೋದಿಲ್ಲ. ತನ್ನವರ ಮೇಲೇ ಜಾಸ್ತಿ ಕಟ್ಟುನಿಟ್ಟಾಗುವ ರೆಫರಿಗಳು ಬೇಕಾದಷ್ಟು ಜನ ಇದ್ದಾರೆ. ಅದೂ ಪಕ್ಷಪಾತವೇ. ಅದರಲ್ಲಿ ಅನ್ಯಾಯ ಆಗೋದು ನಿಮ್ಮ ಮಗನಿಗೇ.

ಇನ್ನೊಂದು ವಿಷಯ. ಮನಸ್ಸು ವಾಲಿದ್ದು ನಮಗೇ ಕಾಣುವುದಿಲ್ಲ. ಸ್ಪೇನ್‌ನ ಲೀಗ್ ಪಂದ್ಯಗಳ ಹೆಚ್ಚುವರಿ ಸಮಯವನ್ನು ಲೆಕ್ಕ ಹಾಕಿ ಮೂವರು ಅರ್ಥಶಾಸ್ತ್ರಜ್ಞರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ತವರು ತಂಡ ಒಂದು ಗೋಲು ಹಿಂದಿದ್ದರೆ ರೆಫರಿಗಳು ಜಾಸ್ತಿ ಸಮಯ ಕೊಡುತ್ತಿದ್ದರು. ಒಂದು ಗೋಲು ಮುಂದಿದ್ದರೆ ಬೇಗ ಮುಗಿಸುತ್ತಿದ್ದರು. ಇವರಿಗೆ ಯಾರೂ ಲಂಚ ಕೊಟ್ಟಿರಲಿಲ್ಲ. ಸುತ್ತ ಕೂತ ಜನರ ಗದ್ದಲವೇ ಸಾಕಾಗಿತ್ತು. ಯಾರೋ ಗೊತ್ತಿಲ್ಲದ ಜನರ ಕೂಗಿಗೇ ಗಡಿಯಾರ ಹೀಗೆ ವಾಲುತ್ತದೆ ಅಂದಮೇಲೆ, ಸ್ವಂತ ಮಗ ಎದುರಿಗಿದ್ದಾಗ ನನಗೇನೂ ಆಗೋದಿಲ್ಲ ಅಂತ ಹೇಳುವ ಧೈರ್ಯ ನನಗಂತೂ ಇಲ್ಲ.

ಸರಿ, ನೀವು ಎಲ್ಲವನ್ನೂ ಸರಿಯಾಗೇ ಮಾಡಿದಿರಿ ಅಂತಿಟ್ಟುಕೊಳ್ಳೋಣ. ಆದರೂ ಸೋತ ತಂಡದ ಮಕ್ಕಳು ಮನೆಗೆ ಹೋಗಿ ಏನು ಹೇಳುತ್ತಾರೆ? ‘ರೆಫರಿ ಅವರಪ್ಪ ಕಣೋ.’ ನಿಮ್ಮ ಮಗ ನಿಯತ್ತಾಗಿ ಗೆದ್ದ ಕಪ್ಪಿಗೂ ಕಲೆ ಅಂಟಿತು.

ಹಾಗಾದರೆ ಮನೆಯವರ ಪಂದ್ಯ ಯಾವತ್ತೂ ಮಾಡಬಾರದಾ? ದೊಡ್ಡ ಮಟ್ಟದಲ್ಲೇ ಆಗಿದೆಯಲ್ಲ?

ಆಗಿದೆ, ನಿಜ. 2006ರಲ್ಲಿ ನೈರೋಬಿಯಲ್ಲಿ ಕೀನ್ಯಾ ಮತ್ತು ಬಾಂಗ್ಲಾದೇಶದ ನಡುವಿನ ಏಕದಿನ ಪಂದ್ಯದಲ್ಲಿ ಅಂಪೈರ್ ಸುಭಾಷ್ ಮೋದಿ ತಮ್ಮ ಮಗ ಹಿತೇಶ್ ಮೋದಿಯನ್ನು ಎಲ್‌ಬಿಡಬ್ಲ್ಯು ಔಟ್ ಕೊಟ್ಟರು. 2020ರ ಆಗಸ್ಟ್‌ನಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಇಂಗ್ಲೆಂಡ್–ಪಾಕಿಸ್ತಾನ ಟೆಸ್ಟ್ ನಡೆದಾಗ ಮ್ಯಾಚ್ ರೆಫರಿ ಕ್ರಿಸ್ ಬ್ರಾಡ್. ಬೌಲರ್ ಅವರ ಮಗ ಸ್ಟುವರ್ಟ್ ಬ್ರಾಡ್. ಯಾಸಿರ್ ಶಾ ಔಟಾದಾಗ ಸ್ಟುವರ್ಟ್ ಬಾಯಿಗೆ ಬಂದಿದ್ದು ಅಂದರು. ಅಪ್ಪನೇ ಮಗನಿಗೆ ಪಂದ್ಯದ ಸಂಭಾವನೆಯ ಶೇ 15ರಷ್ಟು ದಂಡ, ಜೊತೆಗೆ ಒಂದು ಡಿಮೆರಿಟ್ ಅಂಕ ಹಾಕಿದರು.

ಎರಡೂ ಕಥೆ ಕೇಳೋಕೆ ಚೆಂದ. ಆದರೆ ಇವನ್ನು ‘ನೋಡಿ, ಏನೂ ತೊಂದರೆ ಆಗಲಿಲ್ಲ’ ಅನ್ನೋದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ. ಬ್ರಾಡ್ ಅಲ್ಲಿದ್ದದ್ದು ಕೋವಿಡ್ ಕಾರಣಕ್ಕೆ. ಬೇರೆ ದೇಶದವರನ್ನು ಕರೆಸುವ ದಾರಿ ಆಗ ಮುಚ್ಚಿತ್ತು. ಮೇಲಾಗಿ ಅವರಿಬ್ಬರು ಅಪ್ಪ-ಮಗ ಅನ್ನೋದು ಇಡೀ ಕ್ರಿಕೆಟ್ ಜಗತ್ತಿಗೆ ಗೊತ್ತಿತ್ತು, ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಬೇರೆ ದಾರಿ ಇದ್ದರೆ ಅಪ್ಪ-ಅಮ್ಮ, ಮಕ್ಕಳು, ಗಂಡ-ಹೆಂಡತಿ, ಒಡಹುಟ್ಟಿದವರು ಇರುವ ಪಂದ್ಯ ಬೇಡ. ಇದರಲ್ಲಿ ರಾಜಿ ಬೇಡ ಅನ್ನೋದು ನನ್ನ ಅಭಿಪ್ರಾಯ.

ರೆಫರಿಗೆ ಇಷ್ಟದ ತಂಡ ಇರಬಾರದಾ?

ಇರಬಹುದು. ಆಟದ ಹುಚ್ಚಿಲ್ಲದವರು ಯಾರೂ ರೆಫರಿ ಆಗೋದಿಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ರೆಫರಿಗಳು ತಾವು ಯಾವ ಕ್ಲಬ್‌ನ ಅಭಿಮಾನಿ ಅಂತ ಮೊದಲೇ ಹೇಳಬೇಕು. ಆ ಕ್ಲಬ್‌ನ ಪಂದ್ಯ ಅವರಿಗೆ ಕೊಡೋದಿಲ್ಲ.

ಆದರೂ ಒಂದು ಸಂದಿ ಉಳಿದಿತ್ತು. 2024ರ ಏಪ್ರಿಲ್‌ನಲ್ಲಿ ಎವರ್ಟನ್ ವಿರುದ್ಧ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2-0 ಸೋತಿತು. ಮೂರು ಸಲ ಪೆನಾಲ್ಟಿ ಕೇಳಿತ್ತು, ಒಂದೂ ಸಿಗಲಿಲ್ಲ. ಮೈದಾನದ ತೀರ್ಪುಗಳನ್ನು ವಿಡಿಯೊ ನೋಡಿ ಪರಿಶೀಲಿಸುವ ಕೋಣೆಯಲ್ಲಿದ್ದ ಅಧಿಕಾರಿ ಲೂಟನ್ ಟೌನ್ ಕ್ಲಬ್‌ನ ಅಭಿಮಾನಿ, ಬದಲಾಯಿಸಿ ಅಂತ ಮೊದಲೇ ಹೇಳಿದ್ದೆವು ಅಂತ ಫಾರೆಸ್ಟ್ ಸೋಷಿಯಲ್ ಮೀಡಿಯಾದಲ್ಲಿ ಬಹಿರಂಗವಾಗಿ ಬರೆಯಿತು. ಲೂಟನ್ ಆ ಪಂದ್ಯದಲ್ಲಿ ಆಡುತ್ತಲೇ ಇರಲಿಲ್ಲ. ಆದರೆ ಡಿವಿಷನ್‌ನಿಂದ ಕೆಳಗೆ ಬೀಳದಿರಲು ಫಾರೆಸ್ಟ್ ಜೊತೆ ಸೆಣಸುತ್ತಿತ್ತು. ಫಾರೆಸ್ಟ್ ಸೋತರೆ ಲೂಟನ್‌ಗೆ ಲಾಭ.

ಫಾರೆಸ್ಟ್‌ಗೆ ಆ ಬರಹಕ್ಕಾಗಿ 7,50,000 ಪೌಂಡ್ ದಂಡ ಬಿತ್ತು. ರೆಫರಿಯ ನಿಯತ್ತಿನ ಮೇಲೆ ಕೆಸರೆರಚಿದ್ದಕ್ಕೆ ದಂಡ ಸರಿಯೇ ಅಂತ ನನಗನ್ನಿಸುತ್ತದೆ. ಆದರೆ ಅವರು ಎತ್ತಿದ ಪ್ರಶ್ನೆ ಮಾತ್ರ ಗಟ್ಟಿಯಾದದ್ದು. ಸೀಸನ್ ಕೊನೆಗೆ ಬಂದಾಗ ಪಂದ್ಯ ಹಂಚುವವರು ಆಡುವ ಎರಡು ತಂಡ ಮಾತ್ರ ನೋಡಿದರೆ ಸಾಲದು. ಅಂಕಪಟ್ಟಿಯಲ್ಲಿ ಮೇಲೆ ಕೆಳಗೆ ಯಾರಿದ್ದಾರೆ ಅನ್ನೋದನ್ನೂ ನೋಡಬೇಕು.

ರೆಫರಿ ಬೇರೆ ದೇಶದವರೇ ಆಗಬೇಕು ಅನ್ನೋ ನಿಯಮ ಎಲ್ಲಿಂದ ಬಂತು?

ಕ್ರಿಕೆಟ್‌ನಲ್ಲಿ ಇದು ದೊಡ್ಡ ಜಗಳದಿಂದ ಬಂದದ್ದು. ಮೊದಲು ಯಾವ ದೇಶದಲ್ಲಿ ಟೆಸ್ಟ್ ನಡೆದರೂ ಎರಡೂ ಅಂಪೈರ್ ಆ ದೇಶದವರೇ. ಪ್ರವಾಸಿ ತಂಡ ಪ್ರತಿ ಸಲ ಗೊಣಗುತ್ತಿತ್ತು. 1986ರಲ್ಲಿ ಇಮ್ರಾನ್ ಖಾನ್ ನಾಯಕತ್ವದ ಪಾಕಿಸ್ತಾನ, ವೆಸ್ಟ್ ಇಂಡೀಸ್ ವಿರುದ್ಧದ ಲಾಹೋರ್ ಟೆಸ್ಟ್‌ಗೆ ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪಿಲೂ ರಿಪೋರ್ಟರ್ ಅವರನ್ನು ಕರೆಸಿತು. ತವರು ತಂಡವೇ ತನಗಿದ್ದ ಅನುಕೂಲವನ್ನು ಬಿಟ್ಟುಕೊಟ್ಟದ್ದು ಸಣ್ಣ ವಿಷಯವಲ್ಲ. 1994ರಿಂದ ಪ್ರತಿ ಟೆಸ್ಟ್‌ಗೆ ಒಬ್ಬ ತಟಸ್ಥ ಅಂಪೈರ್ ಬಂದರು, 2002ರಿಂದ ಇಬ್ಬರೂ ತಟಸ್ಥರಾದರು.

ಕೋವಿಡ್ ಸಮಯದಲ್ಲಿ ಐಸಿಸಿ ಈ ನಿಯಮವನ್ನು ತಾತ್ಕಾಲಿಕವಾಗಿ ಸಡಿಲಿಸಿತು. 2021ರಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಭಾರತದ ಅಂಪೈರ್‌ಗಳೇ ನಿಂತರು, ನಮ್ಮ ಜಾವಗಲ್ ಶ್ರೀನಾಥ್ ಮ್ಯಾಚ್ ರೆಫರಿ. ಆದರೆ ಐಸಿಸಿ ಸುಮ್ನೆ ಬಿಡಲಿಲ್ಲ. ಪ್ರತಿ ಇನಿಂಗ್ಸ್‌ಗೆ ಒಂದು ತಂಡ ಕಳೆದುಕೊಳ್ಳಬಹುದಾದ ರಿವ್ಯೂಗಳನ್ನು ಎರಡರಿಂದ ಮೂರಕ್ಕೆ ಏರಿಸಿತು. ಸಂಘರ್ಷ ತಪ್ಪಿಸೋಕೆ ಆಗದಿದ್ದರೆ ತೀರ್ಪನ್ನು ಪ್ರಶ್ನಿಸುವ ದಾರಿಯನ್ನಾದರೂ ಅಗಲ ಮಾಡಬೇಕು. ಚಿಕ್ಕ ಟೂರ್ನಿಗಳೂ ಈ ಉಪಾಯ ಕಲಿಯಬಹುದು.

ಇದರಿಂದ ಒಳ್ಳೆಯ ರೆಫರಿಗಳಿಗೆ ಅನ್ಯಾಯ ಆಗೋದಿಲ್ವಾ?

ಆಗುತ್ತದೆ. ಆಸ್ಟ್ರೇಲಿಯಾದ ಸೈಮನ್ ಟಫೆಲ್ 2004ರಿಂದ 2008ರವರೆಗೆ ಸತತ ಐದು ಸಲ ಐಸಿಸಿಯ ವರ್ಷದ ಅಂಪೈರ್ ಆದರು. ಆದರೂ 2007ರ ವಿಶ್ವಕಪ್ ಫೈನಲ್‌ನಲ್ಲಿ ನಿಲ್ಲೋಕೆ ಆಗಲಿಲ್ಲ, ಅವರ ದೇಶ ಫೈನಲ್ ತಲುಪಿತ್ತು. 2011ರಲ್ಲಿ ಆಸ್ಟ್ರೇಲಿಯಾ ಬೇಗ ಸೋತು ಹೊರಬಿದ್ದ ಮೇಲೆ ಅವರಿಗೆ ಮೊದಲ ಸಲ ವಿಶ್ವಕಪ್ ಫೈನಲ್ ಸಿಕ್ಕಿತು. ರಗ್ಬಿಯಲ್ಲಿ ಇಂಗ್ಲೆಂಡಿನ ವೇಯ್ನ್ ಬಾರ್ನ್ಸ್ ಕಥೆಯೂ ಹಾಗೇ. 2023ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ದಕ್ಷಿಣ ಆಫ್ರಿಕಾ ಎದುರು ಒಂದೇ ಅಂಕದಿಂದ ಸೋತಿತು. ಸೋತಿದ್ದಕ್ಕೇ ಬಾರ್ನ್ಸ್ ಫೈನಲ್ ನಡೆಸಿದರು.

ತನ್ನ ದೇಶ ಸೋತರೆ ಮಾತ್ರ ತನಗೆ ಅವಕಾಶ ಅನ್ನೋದು ಕಷ್ಟದ ಜಾಗ. ಆ ಅನ್ಯಾಯ ನಿಜ. ಆದರೆ ಎರಡು ತಂಡಗಳ ನಾಲ್ಕು ವರ್ಷದ ಬೆವರಿನ ಎದುರು ಇಟ್ಟು ನೋಡಿದರೆ ಅದನ್ನು ರೆಫರಿಯೇ ಹೊರಬೇಕಾಗುತ್ತದೆ.

ನಾನು ಬೆಟ್ ಕಟ್ಟೋದಿಲ್ಲ. ನನ್ನ ಸ್ನೇಹಿತ ಕಟ್ಟುತ್ತಾನೆ. ತೊಂದರೆ ಇದೆಯಾ?

ಇದೆ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪ್ಯಾಟ್ ಹೋಬರ್ಗ್ ಒಳ್ಳೆ ಹೆಸರಿದ್ದ ಅಂಪೈರ್. ಬೇಸ್‌ಬಾಲ್ ಮೇಲೂ ಬೆಟ್ ಕಟ್ಟುತ್ತಿದ್ದ ಸ್ನೇಹಿತರೊಬ್ಬರ ಜೊತೆ ಅವರು ಬೆಟ್ಟಿಂಗ್ ಖಾತೆ ಹಂಚಿಕೊಂಡಿದ್ದರು. ಅವರೇ ಬೇಸ್‌ಬಾಲ್ ಮೇಲೆ ದುಡ್ಡು ಹಾಕಿದರು ಅನ್ನೋದಕ್ಕೆ ಲೀಗ್‌ಗೆ ಪುರಾವೆ ಸಿಗಲಿಲ್ಲ. ಪಂದ್ಯ ಕೆಡಿಸಿದ್ದಕ್ಕೂ ಸಿಗಲಿಲ್ಲ. ಆದರೂ 2025ರ ಫೆಬ್ರವರಿಯಲ್ಲಿ ಕೆಲಸ ಹೋಯಿತು.

ರೆಫರಿ ಬಾಯಿಂದ ಬರುವ ಸಣ್ಣ ಮಾತಿಗೂ ಬೆಟ್ಟಿಂಗ್‌ನವರ ಹತ್ತಿರ ಬೆಲೆ ಇದೆ. ಯಾರಿಗೆ ಗಾಯ ಆಗಿದೆ, ಪಿಚ್ ಹೇಗಿದೆ, ನಾಳೆಯ ಪಂದ್ಯಕ್ಕೆ ಯಾವ ರೆಫರಿ, ಎಲ್ಲವೂ ಮಾಹಿತಿಯೇ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ರೆಫರಿ ಟಿಮ್ ಡೊನಾಗಿ ಪ್ರಕರಣ 2007ರಲ್ಲಿ ಹೊರಬಂದಾಗ ಕಂಡಿದ್ದೂ ಇದೇ. ತಾವು ನಡೆಸಿದ ಪಂದ್ಯಗಳ ಮೇಲೇ ಅವರು ಬೆಟ್ ಕಟ್ಟಿದ್ದರು, ಜೊತೆಗೆ ಒಳಗಿನ ಮಾಹಿತಿಯನ್ನು ಹೊರಗೆ ದಾಟಿಸಿ ದುಡ್ಡು ಪಡೆದಿದ್ದರು. 15 ತಿಂಗಳ ಜೈಲು ಆಯಿತು.

ಇದು ಒಬ್ಬಿಬ್ಬರ ಕೆಟ್ಟ ಚಟ ಅಂದುಕೊಳ್ಳುವ ಹಾಗೂ ಇಲ್ಲ. 2025ರ ಅಕ್ಟೋಬರ್‌ನಲ್ಲಿ ಟರ್ಕಿಯ ಫುಟ್‌ಬಾಲ್ ಸಂಸ್ಥೆ ತನ್ನ ವೃತ್ತಿಪರ ಲೀಗ್‌ಗಳ 571 ರೆಫರಿಗಳನ್ನು ತಪಾಸಣೆ ಮಾಡಿತು. 371 ಜನರ ಹೆಸರಲ್ಲಿ ಬೆಟ್ಟಿಂಗ್ ಖಾತೆ ಇತ್ತು. ಅವರಲ್ಲಿ 152 ಜನ ಸಕ್ರಿಯವಾಗಿ ಬೆಟ್ ಕಟ್ಟುತ್ತಿದ್ದರು. ನಿಮ್ಮ ಸಂಸ್ಥೆಯ ನಿಯಮ ಏನೇ ಹೇಳಲಿ, ನೀವು ಸೀಟಿ ಊದುವ ಆಟದ ಮೇಲೆ ಯಾವ ಮಟ್ಟದಲ್ಲೂ ಬೆಟ್ ಬೇಡ. ಖಾತೆಯನ್ನು ಯಾರ ಜೊತೆಯೂ ಹಂಚಿಕೊಳ್ಳಬೇಡಿ.

ಪಂದ್ಯ ಮುಗಿದ ಮೇಲೆ ಊಟಕ್ಕೆ ಕರೆಯುತ್ತಾರೆ, ಟೀ ಶರ್ಟ್ ಕೊಡುತ್ತಾರೆ. ತಗೋಬಹುದಾ?

ಎರಡೂ ತಂಡಕ್ಕೆ ಕಾಣುವ ಹಾಗೆ ಆಯೋಜಕರು ಎಲ್ಲರಿಗೂ ಕೊಡುವ ಊಟ, ನೀರು, ನೆನಪಿನ ಕಾಣಿಕೆ ತಗೊಳ್ಳಿ. ಒಂದು ತಂಡ ಮಾತ್ರ ಕೊಟ್ಟರೆ ಬೇಡ ಅನ್ನಿ. ಫಿಫಾ ನೀತಿ ಸಂಹಿತೆಯೂ ಸಾಂಕೇತಿಕ, ಅಲ್ಪ ಬೆಲೆಯ ಉಡುಗೊರೆಗೆ ಮಾತ್ರ ಅವಕಾಶ ಕೊಡುತ್ತದೆ. ನಗದು ಅಂತೂ ಎಷ್ಟು ಸಣ್ಣ ಮೊತ್ತವಾದರೂ ಇಲ್ಲ. 1999ರ ಕ್ರಿಸ್‌ಮಸ್‌ಗೆ ಇಟಲಿಯ ರೋಮಾ ಕ್ಲಬ್ ರೆಫರಿಗಳಿಗೆ ರೋಲೆಕ್ಸ್ ವಾಚ್ ಕಳಿಸಿ ದೊಡ್ಡ ವಿವಾದವೇ ಎದ್ದಿತ್ತು.

‘ಸಾಲ’ ಅಂತ ಕೊಟ್ಟರೆ ಇನ್ನೂ ಜಾಸ್ತಿ ಹುಷಾರಾಗಿರಿ. ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ನಡೆಸುತ್ತಿದ್ದ ಯುಇಎಫ್‌ಎ ಕಪ್‌ನ 1984ರ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2-0 ಗೆದ್ದಿತ್ತು. ಬೆಲ್ಜಿಯಂನ ಆಂಡರ್‌ಲೆಕ್ಟ್ ತನ್ನ ನೆಲದಲ್ಲಿ 3-0 ಗೆದ್ದು ಫೈನಲ್‌ಗೆ ಹೋಯಿತು. ಫಾರೆಸ್ಟ್‌ನ ಒಂದು ಗೋಲನ್ನು ರೆಫರಿ ರದ್ದು ಮಾಡಿದ್ದರು. ಆ ಸ್ಪೇನ್ ರೆಫರಿಗೆ ಆಂಡರ್‌ಲೆಕ್ಟ್ ಅಧ್ಯಕ್ಷರು ಹತ್ತು ಲಕ್ಷ ಬೆಲ್ಜಿಯನ್ ಫ್ರಾಂಕ್ ಕೊಟ್ಟಿದ್ದರು ಅನ್ನೋದು 1997ರಲ್ಲಿ ಹೊರಬಂತು. ಅದು ಸಾಲ ಅಂತ ಕ್ಲಬ್ ಹೇಳಿತು. ಅಷ್ಟರಲ್ಲಿ ರೆಫರಿ ತೀರಿಕೊಂಡು ಹತ್ತು ವರ್ಷವಾಗಿತ್ತು.

ರೆಫರಿ ಬೇರೆ ಕಡೆ ದುಡಿಯಬಾರದಾ?

ದುಡಿಯಬೇಕು. ಹೆಚ್ಚಿನ ರೆಫರಿಗಳ ಹೊಟ್ಟೆ ಸೀಟಿಯಿಂದ ತುಂಬೋದಿಲ್ಲ. ಆ ದುಡ್ಡು ಯಾರಿಂದ ಬರುತ್ತದೆ ಅನ್ನೋದು ಪ್ರಶ್ನೆ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಜ್ ಹೊಡೆದ ಸರಿಯಾದ ಗೋಲು, ವಿಡಿಯೊ ಅಧಿಕಾರಿಗಳ ಗೊಂದಲದಿಂದ ರದ್ದಾಯಿತು. ಅದೇ ಅಧಿಕಾರಿಗಳು ಎರಡು ದಿನ ಮೊದಲು ಯುಎಇಯಲ್ಲಿ ಸಂಬಳಕ್ಕೆ ಪಂದ್ಯ ಮಾಡಿ ಬಂದಿದ್ದರು. ಅದೇ ಲೀಗ್‌ನಲ್ಲಿ ಲಿವರ್‌ಪೂಲ್ ಜೊತೆ ಪೈಪೋಟಿ ಮಾಡುವ ಮ್ಯಾಂಚೆಸ್ಟರ್ ಸಿಟಿಯ ಮಾಲೀಕರು ಯುಎಇಯ ಅಬುಧಾಬಿಯವರು. ಆ ತಪ್ಪಿಗೂ ಈ ಪ್ರಯಾಣಕ್ಕೂ ಸಂಬಂಧ ಇದೆ ಅನ್ನೋದಕ್ಕೆ ಏನೂ ಪುರಾವೆ ಇಲ್ಲ, ಕಣ್ತಪ್ಪು ಅಂತಲೇ ನಾನು ನಂಬುತ್ತೇನೆ. ಆದರೆ ಅನುಮಾನಕ್ಕೆ ಜಾಗ ಮಾಡಿಕೊಟ್ಟದ್ದು ಆ ಪ್ರಯಾಣ, ಮತ್ತು ಅದಕ್ಕೆ ಒಪ್ಪಿಗೆ ಕೊಟ್ಟವರು.

ಪಂದ್ಯ ಹಂಚುವವರಿಗೇ ಸಂಘರ್ಷ ಇದ್ದರೆ?

ಎಲ್ಲರೂ ರೆಫರಿಯ ಮುಖ ನೋಡುತ್ತಾರೆ. ಅವರನ್ನು ಯಾರು ಆರಿಸಿದರು, ಯಾರು ಮಾರ್ಕ್ಸ್ ಹಾಕುತ್ತಾರೆ, ಯಾರು ಮುಂದಿನ ದರ್ಜೆಗೆ ಬಡ್ತಿ ಕೊಡುತ್ತಾರೆ ಅಂತ ನೋಡುವವರು ಕಡಿಮೆ. ನನ್ನ ಪ್ರಕಾರ ಇಡೀ ವಿಷಯದಲ್ಲಿ ಅತಿ ಅಪಾಯದ ಜಾಗ ಇದೇ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

2006ರಲ್ಲಿ ಇಟಲಿಯನ್ನು ಅಲುಗಾಡಿಸಿದ ಕಾಲ್ಚೋಪೋಲಿ ಹಗರಣದಲ್ಲಿ ಸಿಕ್ಕಿದ್ದು ನೋಟಿನ ಕಂತೆಗಳಿಗಿಂತ ಜಾಸ್ತಿ ಫೋನ್ ಮಾತುಕತೆಗಳು. ಯುವೆಂಟಸ್ ಕ್ಲಬ್‌ನ ಆಡಳಿತ ನೋಡಿಕೊಳ್ಳುತ್ತಿದ್ದ ಲುಚಾನೊ ಮೊಜ್ಜಿ, ರೆಫರಿಗಳನ್ನು ಪಂದ್ಯಕ್ಕೆ ನೇಮಿಸುವವರ ಜೊತೆ ಸಲೀಸಾಗಿ ಮಾತಾಡುತ್ತಿದ್ದರು. ಯುವೆಂಟಸ್ ಎರಡು ಪ್ರಶಸ್ತಿ ಕಳೆದುಕೊಂಡು ಎರಡನೇ ಡಿವಿಷನ್‌ಗೆ ಇಳಿಯಿತು. ಸ್ಪೇನ್‌ನಲ್ಲಿ 2023ರಲ್ಲಿ ಹೊರಬಂದ ನೆಗ್ರೇರಾ ಪ್ರಕರಣದಲ್ಲೂ ಪ್ರಶ್ನೆ ಇದೇ. 2001ರಿಂದ 2018ರವರೆಗೆ ರೆಫರಿಗಳ ತಾಂತ್ರಿಕ ಸಮಿತಿಯ ಉಪಾಧ್ಯಕ್ಷರಾಗಿದ್ದ ನೆಗ್ರೇರಾಗೆ ಸಂಬಂಧಿಸಿದ ಕಂಪನಿಗಳಿಗೆ ಬಾರ್ಸಿಲೋನಾ ಕ್ಲಬ್‌ನಿಂದ ಸುಮಾರು 70 ಲಕ್ಷ ಯೂರೋ ಹೋಗಿತ್ತು. ಅದು ತಾಂತ್ರಿಕ ವರದಿಗಳಿಗೆ ಕೊಟ್ಟ ಶುಲ್ಕ, ರೆಫರಿಗಳನ್ನು ಕೊಂಡಿಲ್ಲ ಅಂತ ಕ್ಲಬ್ ಹೇಳುತ್ತದೆ. ಕ್ಲಬ್ ಹೇಳುವುದನ್ನು ಪೂರ್ತಿ ನಂಬಿದರೂ ಆ ಪಾವತಿ ನಡೆಯಬಾರದಿತ್ತು. ರೆಫರಿಯ ಬಡ್ತಿಯಲ್ಲಿ ಮಾತಿರುವ ಸಮಿತಿಯವರಿಗೆ ಒಂದು ಕ್ಲಬ್ ಹದಿನೇಳು ವರ್ಷ ದುಡ್ಡು ಕೊಡುತ್ತಿದ್ದರೆ, ಮೈದಾನದಲ್ಲಿರುವ ರೆಫರಿಗೆ ಯಾರೂ ಏನೂ ಹೇಳದಿದ್ದರೂ ಆ ತೂಕ ಇದ್ದೇ ಇರುತ್ತದೆ.

ಅಂಕ ಕೊಡುವ ಆಟಗಳಲ್ಲಿ ಹೇಗೆ?

ಜಿಮ್ನಾಸ್ಟಿಕ್ಸ್, ಬಾಕ್ಸಿಂಗ್, ಐಸ್ ಸ್ಕೇಟಿಂಗ್ ಥರದ ಆಟಗಳಲ್ಲಿ ತೀರ್ಪುಗಾರರ ಅಂಕವೇ ಫಲಿತಾಂಶ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಕೇಟಿಂಗ್ ಚಿನ್ನ ರಷ್ಯಾಕ್ಕೆ ಹೋಯಿತು. ತನ್ನ ಮೇಲೆ ಒತ್ತಡ ಇತ್ತು ಅಂತ ಫ್ರಾನ್ಸ್‌ನ ತೀರ್ಪುಗಾರ್ತಿ ಹೇಳಿದ್ದು ಹೊರಬಿತ್ತು, ಆಮೇಲೆ ಅವರು ಆ ಮಾತು ಬದಲಿಸಿದರು. ಕೆನಡಾ ಜೋಡಿಗೂ ಚಿನ್ನ ಕೊಡಬೇಕಾಯಿತು.

ಆಮೇಲೆ ಸ್ಕೇಟಿಂಗ್ ಸಂಸ್ಥೆ ಗರಿಷ್ಠ 6.0 ಅಂಕ ಕೊಡುವ ಹಳೆಯ ಪದ್ಧತಿ ಬಿಟ್ಟಿತು, ಜೊತೆಗೆ ಯಾರು ಎಷ್ಟು ಅಂಕ ಕೊಟ್ಟರು ಅನ್ನೋದನ್ನೇ ಗುಟ್ಟು ಮಾಡಿತು. ತೀರ್ಪುಗಾರರ ಮೇಲೆ ಒತ್ತಡ ಬೀಳದಿರಲಿ ಅನ್ನೋದು ಉದ್ದೇಶ. ಆದರೆ ಗುಟ್ಟು ಮಾಡಿದ್ದರಿಂದ ಯಾರು ಪಕ್ಷಪಾತ ಮಾಡುತ್ತಿದ್ದಾರೆ ಅಂತ ಹಿಡಿಯುವ ದಾರಿಯೂ ಮುಚ್ಚಿತು. 2016ರಲ್ಲಿ ಆ ಗುಟ್ಟಿನ ಪದ್ಧತಿ ಕೈಬಿಟ್ಟರು. ಸ್ಕೀ ಜಂಪಿಂಗ್‌ನ ದಾರಿ ನನಗೆ ಜಾಸ್ತಿ ಇಷ್ಟ. ಐದು ತೀರ್ಪುಗಾರರಲ್ಲಿ ಅತಿ ಜಾಸ್ತಿ ಮತ್ತು ಅತಿ ಕಡಿಮೆ ಅಂಕ ತೆಗೆದುಹಾಕಿ ಉಳಿದ ಮೂರನ್ನು ಮಾತ್ರ ಸೇರಿಸುತ್ತಾರೆ. ಒಬ್ಬರು ವಾಲಿದರೂ ಪೆಟ್ಟು ಸಣ್ಣದು.

ವಿಡಿಯೊ, ತಂತ್ರಜ್ಞಾನ ಬಂದಮೇಲೆ ಇದೆಲ್ಲ ಮುಗೀತಲ್ವಾ?

ಇಲ್ಲ. ಪರದೆ ಮುಂದೆ ಕೂತವರೂ ಮನುಷ್ಯರೇ. ಫಾರೆಸ್ಟ್ ತಕರಾರು ತೆಗೆದದ್ದೇ ವಿಡಿಯೊ ಅಧಿಕಾರಿಯ ಬಗ್ಗೆ.

ನಮ್ಮದು ಚಿಕ್ಕ ಟೂರ್ನಿ. ಎಲ್ಲರಿಗೂ ಎಲ್ಲರೂ ಗೊತ್ತು. ತಟಸ್ಥ ರೆಫರಿ ಎಲ್ಲಿಂದ ತರೋದು?

ತರೋಕಾಗದಿದ್ದರೆ ಬೇಡ. ಚಿಕ್ಕ ಮಟ್ಟದಲ್ಲಿ ಸಂಬಂಧವೇ ಇಲ್ಲದ ರೆಫರಿ ಸಿಗೋದು ಅಪರೂಪ. ಆಗ ಮಾಡಬೇಕಾದ್ದು ಮುಚ್ಚುಮರೆ ಇಲ್ಲದೆ ಹೇಳುವುದು. ಅರ್ಜಿ ನಮೂನೆ ಏನೂ ಬೇಕಿಲ್ಲ, ಆಯೋಜಕರಿಗೆ ಒಂದು ಮೆಸೇಜ್ ಸಾಕು. ಹೀಗೆ:

‘ನಾಳೆ 4 ಗಂಟೆಯ ಪಂದ್ಯಕ್ಕೆ ನನ್ನನ್ನು ಹಾಕಿದ್ದೀರಿ. ನೀಲಿ ತಂಡದ ಗೋಲ್‌ಕೀಪರ್ ನಮ್ಮಣ್ಣನ ಮಗಳು. ಬೇರೆಯವರು ಸಿಕ್ಕರೆ ಬದಲಾಯಿಸಿ. ಸಿಗದಿದ್ದರೆ ನಾನೇ ಮಾಡುತ್ತೇನೆ, ಆದರೆ ಎರಡೂ ತಂಡಕ್ಕೆ ಈಗಲೇ ತಿಳಿಸಿ.’

ಇದರಲ್ಲಿ ‘ಈಗಲೇ’ ಅನ್ನೋದನ್ನು ಬಿಡಬೇಡಿ. ಪಂದ್ಯದ ಮೊದಲು ಹೇಳಿದರೆ ಮಾಹಿತಿ. ಸೋತ ಮೇಲೆ ಗೊತ್ತಾದರೆ ಅದೇ ಆರೋಪ.

ಆಯೋಜಕರು ಮಾಡಬಹುದಾದ್ದೂ ಬೇಕಾದಷ್ಟಿದೆ. ಮಧ್ಯದ ರೆಫರಿಗೆ ಸಂಬಂಧ ಇದ್ದರೆ ಅವರನ್ನು ಲೈನ್‌ಗೆ ಹಾಕಿ, ಲೈನ್‌ನವರನ್ನು ಮಧ್ಯಕ್ಕೆ ತನ್ನಿ. ಎರಡು ಪಂದ್ಯ ಒಟ್ಟಿಗೆ ನಡೆಯುತ್ತಿದ್ದರೆ ರೆಫರಿಗಳನ್ನು ಅದಲು ಬದಲು ಮಾಡಿ, ಅದಕ್ಕೆ ಐದು ನಿಮಿಷ ಹಿಡಿಯುತ್ತದೆ. ನಾಕೌಟ್ ಪಂದ್ಯಗಳಿಗೆ, ಮುಖ್ಯವಾಗಿ ಫೈನಲ್‌ಗೆ, ಒಬ್ಬರನ್ನಾದರೂ ಹೊರಗಿನಿಂದ ಕರೆಸಿ. ಲೀಗ್ ಹಂತದಲ್ಲಿ ಸ್ವಲ್ಪ ಹೊಂದಾಣಿಕೆ ನಡೆಯುತ್ತದೆ, ಫೈನಲ್‌ನಲ್ಲಿ ನಡೆಯೋದಿಲ್ಲ. ಟೂರ್ನಿ ನಡೆಸುವವರ ಸ್ವಂತ ತಂಡವೇ ಆಡುತ್ತಿದ್ದರೆ, ಆ ತಂಡದ ಪಂದ್ಯಕ್ಕೆ ಯಾವ ರೆಫರಿ ಅಂತ ಅವರು ತೀರ್ಮಾನಿಸಬಾರದು. ಉಳಿದ ತಂಡಗಳಲ್ಲಿ ಒಬ್ಬರು ಚೀಟಿ ಎತ್ತಲಿ.

ಹಳೆಯ ಆಟಗಾರ ರೆಫರಿ ಆದರೆ ತನ್ನ ಕ್ಲಬ್ ಪಂದ್ಯವನ್ನು ಎಷ್ಟು ದಿನ ಬಿಟ್ಟಿರಬೇಕು?

ಎಲ್ಲ ಆಟಕ್ಕೂ ಒಂದೇ ನಿಯಮ ಇಲ್ಲ. ತನ್ನ ಜೊತೆ ಆಡಿದವರು ಆ ತಂಡದಲ್ಲಿ ಇರುವವರೆಗೂ ಬೇಡ ಅನ್ನೋದು ನನ್ನ ಅಳತೆ. ವರ್ಷ ಎಣಿಸೋದಕ್ಕಿಂತ ಇದು ಸುಲಭ.

ಪಂದ್ಯದ ಮಧ್ಯೆ ಗೊತ್ತಾದರೆ ಏನು ಮಾಡೋದು?

ಬದಲಿ ಆಟಗಾರನಾಗಿ ಒಳಗೆ ಬಂದವನು ನಿಮ್ಮ ಸೋದರಳಿಯ ಅಂತ ಆಗ ಕಂಡಿತು ಅಂತಿಟ್ಟುಕೊಳ್ಳಿ. ಆಟ ನಿಂತ ಮೊದಲ ಕ್ಷಣದಲ್ಲಿ ಎರಡೂ ನಾಯಕರನ್ನು ಒಟ್ಟಿಗೆ ಕರೆದು ಹೇಳಿ. ಒಬ್ಬೊಬ್ಬರನ್ನೇ ಕರೆಯಬೇಡಿ. ಬದಲಿ ರೆಫರಿ ಇದ್ದು ಎದುರಾಳಿ ನಾಯಕ ಕೇಳಿದರೆ ಮರುಮಾತಿಲ್ಲದೆ ಸೀಟಿ ಕೊಟ್ಟುಬಿಡಿ. ಇಲ್ಲದಿದ್ದರೆ ಮುಂದುವರಿಸಿ, ಪಂದ್ಯದ ವರದಿಯಲ್ಲಿ ಎಷ್ಟನೇ ನಿಮಿಷಕ್ಕೆ ಹೇಳಿದಿರಿ ಅಂತ ಬರೆಯಿರಿ.

ಸಂಘರ್ಷ ಇತ್ತು ಅಂತ ಆಮೇಲೆ ಗೊತ್ತಾದರೆ ಪಂದ್ಯ ರದ್ದಾಗುತ್ತಾ?

ಸಾಮಾನ್ಯವಾಗಿ ಇಲ್ಲ. ಹೋಯ್ಜರ್ ಸಿಕ್ಕಿಬಿದ್ದ ಮೇಲೂ ಆ ಕಪ್ ಪಂದ್ಯದ ಫಲಿತಾಂಶ ಬದಲಾಗಲಿಲ್ಲ. ಅಪರೂಪಕ್ಕೆ ಆಗಿದ್ದೂ ಇದೆ. 2016ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ–ಸೆನೆಗಲ್ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಚೆಂಡು ಡಿಫೆಂಡರ್‌ನ ಮೊಣಕಾಲಿಗೆ ತಾಗಿದರೂ ಘಾನಾದ ರೆಫರಿ ಜೋಸೆಫ್ ಲ್ಯಾಂಪ್ಟಿ ಹ್ಯಾಂಡ್‌ಬಾಲ್ ಅಂತ ಪೆನಾಲ್ಟಿ ಕೊಟ್ಟರು. ಫಿಫಾ ಅವರಿಗೆ ಆಜೀವ ನಿಷೇಧ ಹಾಕಿ ಪಂದ್ಯವನ್ನು ಮತ್ತೆ ಆಡಿಸಿತು. 2017ರಲ್ಲಿ ಸೆನೆಗಲ್ 2-0 ಗೆದ್ದು ವಿಶ್ವಕಪ್‌ಗೆ ಹೋಯಿತು. ಅಲ್ಲಿ ಪಂದ್ಯವನ್ನು ಬೇಕೆಂತಲೇ ಕೆಡಿಸಿದ್ದು ಸಾಬೀತಾಗಿತ್ತು. ಬರೀ ಸಂಬಂಧ ಇತ್ತು ಅನ್ನೋದಕ್ಕೆ ಮರುಪಂದ್ಯ ನಿರೀಕ್ಷಿಸಬೇಡಿ. ಅದಕ್ಕೇ ಪಂದ್ಯದ ಮೊದಲೇ ಕೇಳೋದು ಮುಖ್ಯ.

ರೆಫರಿ ಮೇಲೆ ಅನುಮಾನ ಇದ್ದರೆ ಹೇಗೆ ಕೇಳೋದು?

ಬರವಣಿಗೆಯಲ್ಲಿ, ಆಯೋಜಕರಿಗೆ, ಸಾಧ್ಯವಾದರೆ ಹಿಂದಿನ ದಿನ. ‘ಇವರಿಗೂ ಆ ತಂಡಕ್ಕೂ ಈ ಸಂಬಂಧ ಇದೆ ಅಂತ ತಿಳಿದುಬಂತು, ದಯವಿಟ್ಟು ಪರಿಶೀಲಿಸಿ’ ಅಂತ ಗೊತ್ತಿರುವ ಸಂಗತಿ ಮಾತ್ರ ಬರೆಯಿರಿ. ಕಳ್ಳ, ಮಾರಿಕೊಂಡವನು ಅನ್ನೋ ಮಾತು ಬೇಡ. ಗ್ರೂಪ್‌ಗಳಲ್ಲಿ ಹಾಕಬೇಡಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. 2005ರ ಚಾಂಪಿಯನ್ಸ್ ಲೀಗ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಚೆಲ್ಸಿ ಸೋತಾಗ, ವಿರಾಮದಲ್ಲಿ ಬಾರ್ಸಿಲೋನಾ ಕೋಚ್ ರೆಫರಿ ಕೋಣೆಗೆ ಹೋಗಿದ್ದರು ಅನ್ನೋ ಆರೋಪ ಚೆಲ್ಸಿ ಕಡೆಯಿಂದ ಬಂತು. ಸ್ವೀಡನ್‌ನ ರೆಫರಿ ಆಂಡರ್ಸ್ ಫ್ರಿಸ್ಕ್‌ಗೆ, ಅವರ ಮನೆಯವರಿಗೆ ಕೊಲೆ ಬೆದರಿಕೆ ಶುರುವಾಯಿತು. ಕೆಲವೇ ವಾರಗಳಲ್ಲಿ ಅವರು ಸೀಟಿ ಕೆಳಗಿಟ್ಟು ನಿವೃತ್ತರಾದರು. ಚೆಲ್ಸಿ ಕೋಚ್ ಜೋಸೆ ಮೊರಿನೊಗೆ ಯುಇಎಫ್‌ಎ ಎರಡು ಪಂದ್ಯದ ನಿಷೇಧ ಹಾಕಿತು.

ಹಾಗಾದರೆ ರೆಫರಿಗಳ ಸಂಬಂಧಗಳನ್ನೆಲ್ಲ ಬಹಿರಂಗವಾಗಿ ಪ್ರಕಟಿಸಬೇಕಾ?

ಇದರಲ್ಲಿ ಎರಡು ಅಭಿಪ್ರಾಯ ಇದೆ. ಎಲ್ಲ ಪ್ರಕಟಿಸಿ ಅನ್ನುವವರು ಒಂದು ಕಡೆ. ಫ್ರಿಸ್ಕ್‌ಗೆ ಆದದ್ದು ನೋಡಿದ ಮೇಲೆ ನನಗೆ ಅದು ಸರಿ ಅನ್ನಿಸೋದಿಲ್ಲ. ಆಯೋಜಕರಿಗೆ ಪೂರ್ತಿ ಗೊತ್ತಿರಬೇಕು: ಮನೆಯವರು, ಕೆಲಸ, ಇಷ್ಟದ ತಂಡ, ಸಾಲ ಎಲ್ಲ. ಆಡುವ ಎರಡು ತಂಡಗಳಿಗೆ ಆ ಪಂದ್ಯಕ್ಕೆ ಸಂಬಂಧಪಟ್ಟಷ್ಟು ತಿಳಿಸಬೇಕು. ರೆಫರಿಯ ಮಕ್ಕಳು ಯಾವ ಶಾಲೆ, ಹೆಂಡತಿ ಎಲ್ಲಿ ಕೆಲಸ ಮಾಡುತ್ತಾರೆ ಅನ್ನೋದು ಗ್ಯಾಲರಿಯಲ್ಲಿ ಕೂತವರಿಗೆ ಬೇಕಿಲ್ಲ. ಆದರೆ ಯಾವ ನಿಯಮದ ಪ್ರಕಾರ ಪಂದ್ಯ ಹಂಚಿದ್ದೇವೆ ಅನ್ನೋದನ್ನು ಟೂರ್ನಿ ಶುರುವಾಗುವ ಮೊದಲೇ ನೋಟಿಸ್ ಬೋರ್ಡ್‌ಗೆ ಹಾಕಿ. ಆ ನಿಯಮವನ್ನು ಯಾರು ಬೇಕಾದರೂ ಓದಲಿ, ಪ್ರಶ್ನಿಸಲಿ.